ಕಟ್ಟಿದ ಫೀಸು, ಹೋಗಲಾಗದ ಕ್ಲಾಸು: ಹಣ ವಾಪಸ್ ಕೇಳುವ ಹಕ್ಕು ಎಷ್ಟಿದೆ?

ತುಂಗಾ_ತೀರ

ಎಲ್ಲರಿಗೂ ನಮಸ್ಕಾರ. ಕೋಚಿಂಗ್ ಫೀಸು ವಾಪಸ್ ಪಡೆಯುವ ಬಗ್ಗೆ ತಿಳಿದವರು ದಯವಿಟ್ಟು ಹೇಳಿ.

ಮಗಳು ಫಸ್ಟ್ ಪಿಯು. ಶಿವಮೊಗ್ಗದಲ್ಲಿ ಸಂಜೆ ಹೊತ್ತಿನ ನೀಟ್, ಸಿಇಟಿ ಕೋಚಿಂಗ್‌ಗೆ ಸೇರಿಸಿದ್ದೆವು. ಎರಡು ವರ್ಷದ ಫೀಸು 1,20,000 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ, 21,600. ಒಟ್ಟು 1,41,600 ಒಂದೇ ಸಲ ಕಟ್ಟಿದೆವು. ಕಂತಿನಲ್ಲಿ ಕಟ್ಟಿದರೆ ಜಾಸ್ತಿ ಆಗುತ್ತದೆ ಎಂದಿದ್ದರು. ಆರು ತಿಂಗಳು ಪಾಠ ಆಗಿದೆ. ಈಗ ಮನೆಯವರಿಗೆ ಬಳ್ಳಾರಿಗೆ ವರ್ಗ ಆಗಿದೆ. ಮಗಳನ್ನು ಒಬ್ಬಳನ್ನೇ ಇಲ್ಲಿ ಬಿಡುವ ಮನಸ್ಸಿಲ್ಲ. ಬಳ್ಳಾರಿಯಲ್ಲಿ ಆ ಸಂಸ್ಥೆಯ ಶಾಖೆ ಇಲ್ಲ.

ಉಳಿದ ಹಣ ಕೇಳಲು ಹೋದರೆ ಅರ್ಜಿಯ ಹಿಂದಿನ ಪುಟ ತಿರುಗಿಸಿ ತೋರಿಸಿದರು. ಒಮ್ಮೆ ಕಟ್ಟಿದ ಶುಲ್ಕ ಯಾವ ಕಾರಣಕ್ಕೂ ವಾಪಸ್ ಇಲ್ಲ ಎಂದು ಸಣ್ಣ ಅಕ್ಷರದಲ್ಲಿದೆ. ಕೆಳಗೆ ನಮ್ಮ ಸಹಿ ಇದೆ. "ಬೇಕಾದ್ರೆ ಆನ್‌ಲೈನ್ ಬ್ಯಾಚಿಗೆ ಹಾಕ್ತೀವಿ, ಇಲ್ಲಾಂದ್ರೆ ನಿಮ್ಮ ನೆಂಟರ ಮಕ್ಕಳನ್ನ ಯಾರನ್ನಾದ್ರೂ ಸೇರಿಸಿ" ಎಂದರು. ಒಂದು ಲಕ್ಷದ ಮೇಲಿನ ಹಣ ನಮಗೆ ಸಣ್ಣದಲ್ಲ. ಬಳ್ಳಾರಿಯಲ್ಲಿ ಮತ್ತೆ ಹೊಸದಾಗಿ ಕಟ್ಟಬೇಕು. ಸಹಿ ಹಾಕಿದ ಮೇಲೆ ನಮಗೆ ಏನೂ ಹಕ್ಕೇ ಇಲ್ವಾ?

ಹುಬ್ಬಳ್ಳಿ_ಹುಡುಗಿ

ಅಕ್ಕಾ, ಬೇಜಾರು ಮಾಡ್ಕೋಬ್ಯಾಡ್ರಿ. ಆದರೆ ನಮ್ಮ ಕಡೆ ಇಂಥ ಹಣ ವಾಪಸ್ ಬಂದಿದ್ದು ನಾನಂತೂ ನೋಡಿಲ್ಲ. ಸಹಿ ಹಾಕಿದ ಮೇಲೆ ಮುಗೀತು ಅಂತಾರೆ. ಸುಮ್ನೆ ಓಡಾಡಿ ದಣಿಯೋದಕ್ಕಿಂತ ಆನ್‌ಲೈನ್ ಬ್ಯಾಚ್ ತಗೊಳ್ಳೋದೇ ಒಳ್ಳೇದು ಅನ್ಸುತ್ತೆ.

ವಕೀಲರ_ಕೋಣೆ

ಮೇಡಂ, ಸ್ವಲ್ಪ ತಡೆಯಿರಿ. ಆನ್‌ಲೈನ್ ಬ್ಯಾಚಿಗೆ ಹೂಂ ಎನ್ನಬೇಡಿ. ಒಮ್ಮೆ ಒಪ್ಪಿದರೆ ಸೇವೆ ಮುಂದುವರಿದಿದೆ ಎಂದೇ ಅವರು ಹೇಳುತ್ತಾರೆ. ನಾನು ಗ್ರಾಹಕ ಆಯೋಗದಲ್ಲಿ ಇಂಥ ದೂರುಗಳನ್ನು ನಡೆಸುತ್ತೇನೆ, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಕೆಲಸ. ಮಗಳು ಯಾವ ದಿನದಿಂದ ಬರುವುದಿಲ್ಲ ಎಂಬುದನ್ನು ಇವತ್ತೇ ಬರೆದು ಕೊಡಿ. ಇಂಥ ಕೇಸು ಸೋಲುವುದು ಕಾನೂನಿಲ್ಲದೆ ಅಲ್ಲ, ತಾರೀಖಿಲ್ಲದೆ. ಜನ ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಕೇಳುತ್ತಾರೆ, ಮ್ಯಾನೇಜರ್ ಇಲ್ಲ, ಮುಂದಿನ ವಾರ ಬನ್ನಿ ಎನ್ನುತ್ತಾರೆ. ತಿಂಗಳುಗಳು ಹಾಗೇ ಕಳೆಯುತ್ತವೆ. ಆಮೇಲೆ "ಸೀಟು ಅವರಿಗೇ ಇಟ್ಟಿದ್ದೆವು, ಅವರೇ ಬರಲಿಲ್ಲ" ಎಂಬ ಉತ್ತರ ಬರುತ್ತದೆ. ನೀವು ಬರೆದು ತಿಳಿಸಿದ ದಿನದಿಂದ ಆ ಮಾತಿಗೆ ಬಲ ಇರುವುದಿಲ್ಲ.

ಇನ್ನು ಸಹಿಯ ವಿಷಯ. ಸಹಿ ಇದೆ ಎಂದ ಮಾತ್ರಕ್ಕೆ ಎಲ್ಲ ಷರತ್ತೂ ನಿಲ್ಲುವುದಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ 'ಅನ್ಯಾಯದ ಒಪ್ಪಂದ' ಎಂಬುದನ್ನು ಹೊಸದಾಗಿ ಸೇರಿಸಿದ್ದಾರೆ. ಆದ ನಷ್ಟಕ್ಕೆ ಹೊಂದದಷ್ಟು ದಂಡ ಹಾಕುವುದು, ಗ್ರಾಹಕರಿಗೆ ತೊಂದರೆಯಾಗುವ ಅತಿಯಾದ ಷರತ್ತು ಹೇರುವುದು ಎರಡೂ ಅದರೊಳಗೆ ಬರುತ್ತವೆ. 1872ರ ಕರಾರು ಕಾಯ್ದೆಯ 74ನೇ ಕಲಮು ಕೂಡ ಇದೆ. ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ನಡುವಿನ ಕೇಸಿನಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಕಟ್ಟಿದ ಹಣ ಮುಟ್ಟುಗೋಲು ಹಾಕಿಕೊಳ್ಳಬೇಕಾದರೆ ಎದುರಿನವರಿಗೆ ನಷ್ಟ ಆಗಿರಬೇಕು, ತಕ್ಕಷ್ಟನ್ನೇ ಹಿಡಿದುಕೊಳ್ಳಬೇಕು. ಅದು ಜಮೀನಿನ ಕೇಸು. ಆದರೂ ಫೀಸಿನ ಹಣಕ್ಕೂ ಅದೇ ವಾದ ಹೂಡುತ್ತೇವೆ.

ಕೋಚಿಂಗ್ ಸೆಂಟರ್ ಶಾಲೆ ಕಾಲೇಜಿನ ಸಾಲಿಗೆ ಸೇರುವುದಿಲ್ಲ ಎಂಬುದೂ ನಿಮಗೆ ಅನುಕೂಲ. 2020ರ ಜನವರಿಯಲ್ಲಿ ಮನು ಸೋಲಂಕಿ ಕೇಸಿನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗದ ದೊಡ್ಡ ಪೀಠ ಶಿಕ್ಷಣ ಸಂಸ್ಥೆಗಳನ್ನು ಗ್ರಾಹಕ ಕಾಯ್ದೆಯಿಂದ ಹೊರಗಿಟ್ಟಿತು. ಕೋಚಿಂಗ್ ಸಂಸ್ಥೆಗಳನ್ನು ಮಾತ್ರ ಒಳಗೇ ಉಳಿಸಿತು.

ಆದರೆ ಒಂದು ಮಾತು ಮುಚ್ಚಿಡಬಾರದು. "ನನ್ನ ಸ್ವಂತ ಕಾರಣಕ್ಕೆ ಬಿಟ್ಟೆ, ಹಣ ಕೊಡಿ" ಎಂದರೆ ತಾನಾಗಿ ಹಣ ಸಿಗುವ ಹಕ್ಕು ನಮ್ಮ ಗ್ರಾಹಕ ಕಾಯ್ದೆಯಲ್ಲಿ ಬರೆದಿಲ್ಲ. ಆಯೋಗಗಳ ಆದೇಶಗಳು ಎರಡೂ ಕಡೆ ಇವೆ. ಗೆದ್ದ ಕೇಸುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇಷ್ಟು: ಬೇಗ ತಿಳಿಸಿದ್ದಾರೆ, ಕಾರಣಕ್ಕೆ ದಾಖಲೆ ಇದೆ, ಪೂರ್ತಿ ಹಣ ಕೇಳದೆ ಉಳಿದ ಅವಧಿಯದ್ದನ್ನು ಮಾತ್ರ ಕೇಳಿದ್ದಾರೆ.

ಸಂಗೀತ_ಶಾಲೆ_ಮೈಸೂರು

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು ಅನ್ನಿಸಿತು. ನಾನು ವೀಣೆ ಕಲಿಸುತ್ತೇನೆ. ಒಂದು ಬ್ಯಾಚಿನಲ್ಲಿ ಐದಾರು ಮಕ್ಕಳಷ್ಟೇ. ಒಬ್ಬರು ನಡುವೆ ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬರನ್ನು ಹಾಕಲು ಆಗುವುದಿಲ್ಲ, ಹೊಸ ಮಗು ಸರಳೆ ವರಸೆಯಿಂದ ಶುರು ಮಾಡಬೇಕು. ಬಾಡಿಗೆ ಅಷ್ಟೇ ಇರುತ್ತದೆ. ಮೃದಂಗದವರಿಗೆ ಕೊಡುವುದೂ ಅಷ್ಟೇ. ರಜೆಗೆ ಊರಿಗೆ ಹೋಗುತ್ತೇವೆ, ಒಂದೂವರೆ ತಿಂಗಳ ಹಣ ಕಳೆಯಿರಿ ಎಂದು ಕೇಳುವವರೂ ಇದ್ದಾರೆ. ಅದು ನ್ಯಾಯವಾ?

ಹಾಗೆಂದು ಎರಡು ವರ್ಷದ ಹಣ ಮುಂಗಡ ತೆಗೆದುಕೊಂಡು ಒಂದು ರೂಪಾಯಿಯೂ ಕೊಡುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಮೂರು ತಿಂಗಳಿಗೊಮ್ಮೆ ಫೀಸು. ಬಿಡುವವರು ಒಂದು ತಿಂಗಳು ಮೊದಲು ಹೇಳಬೇಕು. ಇದನ್ನು ಸೇರುವ ದಿನವೇ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಡುತ್ತೇನೆ.

ವಕೀಲರ_ಕೋಣೆ

ಮೇಡಂ, ನೀವು ಹೇಳಿದ್ದು ಸರಿಯಾಗಿದೆ. ಕಾನೂನು ನೋಡುವುದೂ ನಿಮ್ಮ ನಿಜವಾದ ನಷ್ಟವನ್ನೇ. ಐದು ಮಕ್ಕಳ ಬ್ಯಾಚಿನಲ್ಲಿ ಒಂದು ಜಾಗ ಖಾಲಿ ಬಿದ್ದರೆ ಒಂದೆರಡು ತಿಂಗಳ ಫೀಸು ಹಿಡಿದುಕೊಳ್ಳುವುದು ತಕ್ಕದ್ದೇ. ಇನ್ನೂರು ಮಕ್ಕಳ ಹಾಲ್‌ನಲ್ಲಿ ಒಬ್ಬಳು ಬಿಟ್ಟರೆ ಹದಿನೆಂಟು ತಿಂಗಳ ಹಣ ನಷ್ಟ ಆಯಿತು ಎಂದು ಯಾರೂ ನಂಬುವಂತೆ ಹೇಳಲಾರರು. ಮೂರು ತಿಂಗಳ ಕಂತು, ಒಂದು ತಿಂಗಳ ಮುನ್ಸೂಚನೆ ಇಟ್ಟ ನಿಮ್ಮಂಥವರ ಮೇಲೆ ದೂರು ಬಂದರೂ ಬಹಳ ದೂರ ಹೋಗುವುದಿಲ್ಲ. ಬರಲು ಸಾಧ್ಯವಿದ್ದೂ ಕ್ಲಾಸ್ ತಪ್ಪಿಸಿದ ದಿನಗಳ ಹಣ ಕೇಳುವ ಹಕ್ಕು ಗ್ರಾಹಕರಿಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಒಂದೇ ಸಲ ಎಲ್ಲ ವರ್ಷದ ಫೀಸು ಕೀಳುವ ಬಗ್ಗೆ ನಮ್ಮ ರಾಜ್ಯದಿಂದಲೇ ಹೋದ ಒಂದು ಕೇಸಿದೆ. ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಷನ್ ಮತ್ತು ಕರ್ನಾಟಕ ಸರ್ಕಾರದ ನಡುವಿನದು, 2003. ವೃತ್ತಿಪರ ಕಾಲೇಜುಗಳು ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ ಶುಲ್ಕವನ್ನಷ್ಟೇ ತೆಗೆದುಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತು. ವಿದ್ಯಾರ್ಥಿ ನಡುವೆ ಬಿಟ್ಟು ಹೋಗಬಹುದು ಎಂಬ ಭಯವಿದ್ದರೆ ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಬಹುದು ಎಂದಿತು. ಅದು ಕಾಲೇಜುಗಳಿಗೆ ಹೇಳಿದ್ದು. ಕೋಚಿಂಗ್ ಕೇಸುಗಳಲ್ಲೂ ನಾವು ಅದನ್ನು ಎತ್ತಿ ತೋರಿಸುತ್ತೇವೆ.

ಜೆಪಿನಗರ_ಓಟಗಾರ

ನನ್ನದು ಜಿಮ್. ವರ್ಷಕ್ಕೆ 24,000 ಕಟ್ಟಿದ್ದೆ. ಮೂರು ತಿಂಗಳಿಗೆ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಪರೇಷನ್ ಆಯಿತು, ಆ ವರ್ಷ ಜಿಮ್ ಬೇಡ ಎಂದು ಡಾಕ್ಟರ್ ಬರೆದುಕೊಟ್ಟರು. ಜಿಮ್‌ನವರು "ಎರಡು ತಿಂಗಳು ಫ್ರೀಜ್ ಮಾಡ್ತೀವಿ" ಎಂದರು ಅಷ್ಟೇ. ನಾನು ಡಾಕ್ಟರ್ ಚೀಟಿ, ಡಿಸ್‌ಚಾರ್ಜ್ ಸಮರಿ ಎರಡನ್ನೂ ಸೇರಿಸಿ ಇಮೇಲ್ ಹಾಕಿದೆ. ಉತ್ತರ ಬರಲಿಲ್ಲ. ಆಯೋಗಕ್ಕೆ ದೂರು ಕೊಟ್ಟೆ, ವಕೀಲರಿಲ್ಲದೆ. ನೋಟಿಸ್ ಹೋದ ಮೇಲೆ ಅವರ ವಕೀಲರೇ ರಾಜಿಗೆ ಬಂದರು. 15,000 ಕೊಟ್ಟರು, ನಾನು ಒಪ್ಪಿಕೊಂಡೆ. ಇಮೇಲ್ ಹೋದ ದಿನ ಯಾವುದು ಎಂಬುದರ ಮೇಲೇ ಲೆಕ್ಕ ನಿಂತಿದ್ದು.

ಕರಾವಳಿ_ಅಪ್ಪ

ನಮ್ಮ ಕಥೆ ಬೇರೆ. ಮಂಗಳೂರಿನಲ್ಲಿ ಮಗನನ್ನು ಬೇಸಿಗೆಯ ಈಜು ಶಿಬಿರಕ್ಕೆ ಹಾಕಿದ್ದೆ. ಕೊಳದ ರಿಪೇರಿ ಎಂದು ಅವರೇ ನಡುವೆ ನಿಲ್ಲಿಸಿದರು. ಈಗ ಮುಂದಿನ ವರ್ಷ ಸರಿಮಾಡಿಕೊಡುತ್ತೇವೆ ಎನ್ನುತ್ತಾರೆ. ಮುಂದಿನ ವರ್ಷ ನಾವು ಎಲ್ಲಿರುತ್ತೇವೋ. ಒಪ್ಪಲೇಬೇಕಾ ಸರ್?

ವಕೀಲರ_ಕೋಣೆ

ಒಪ್ಪಬೇಕಿಲ್ಲ. ನಿಮ್ಮದು ಬಹಳ ಗಟ್ಟಿ ಕೇಸು. ಅವರ ಕಡೆಯಿಂದ ಪಾಠ ನಿಂತರೆ ಅದು ಸೇವೆಯ ಕೊರತೆ. ಕೊರತೆ ಇರುವ ಸೇವೆಯ ಹಣವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ಕೊಡಬೇಕು. ಬಿಲ್ಲಿನಲ್ಲಿ ಏನೂ ಹೇಳದಿದ್ದರೆ 30 ದಿನದೊಳಗೆ. ಕೊಡದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ ಎಂದು ಕಾಯ್ದೆಯಲ್ಲೇ ಇದೆ. ಮೇಷ್ಟ್ರು ಬಿಟ್ಟು ಹೋದರು, ಸಮಯ ಬದಲಾಯಿಸಿದರು, ಸೆಂಟರ್ ಊರಾಚೆ ಹೋಯಿತು, ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಸಮಯ ಬದಲಾವಣೆಯಿಂದ ಹೋಗಲಾಗದಿದ್ದರೆ "ನನಗೆ ಬರಲಾಗುತ್ತಿಲ್ಲ" ಎಂದು ಬರೆಯಬೇಡಿ. "ನೀವು ಸಮಯ ಬದಲಾಯಿಸಿದ್ದರಿಂದ ಬರಲಾಗುತ್ತಿಲ್ಲ" ಎಂದು ಬರೆಯಿರಿ. ಕೇಸಿನ ದಿಕ್ಕೇ ಬದಲಾಗುತ್ತದೆ.

ತುಂಗಾ_ತೀರ

ಇಷ್ಟೊಂದು ಜನ ಉತ್ತರಿಸಿದ್ದು ನೋಡಿ ಧೈರ್ಯ ಬಂತು. ಸರ್, ಪತ್ರದಲ್ಲಿ ಏನು ಬರೆಯಬೇಕು? ಎಷ್ಟು ಕೇಳಬೇಕು? ಪುಸ್ತಕಗಳನ್ನು ಕೊಟ್ಟಿದ್ದಾರೆ, ಅವುಗಳಿಗೆ 6,000 ಎಂದು ಅವರ ಬ್ರೋಷರ್‌ನಲ್ಲೇ ಇದೆ.

ವಕೀಲರ_ಕೋಣೆ

ಲೆಕ್ಕ ಹೀಗೆ ಹಾಕೋಣ. 1,20,000 ಎರಡು ವರ್ಷಕ್ಕೆ, ಅಂದರೆ ತಿಂಗಳಿಗೆ 5,000. ಉಳಿದದ್ದು 18 ತಿಂಗಳು, 90,000. ಪುಸ್ತಕ ನಿಮ್ಮ ಕೈಯಲ್ಲಿದೆ, ಆ 6,000 ನೀವೇ ಕಳೆದುಬಿಡಿ. 84,000. ಅದರ ಮೇಲಿನ 18% ಜಿಎಸ್‌ಟಿ 15,120. ಒಟ್ಟು 99,120. ಪೂರ್ತಿ 1,41,600 ಕೇಳಿದರೆ ಪಡೆದ ಪಾಠಕ್ಕೂ ಹಣ ಕೊಡದವರಂತೆ ಕಾಣುತ್ತೀರಿ. ನೀವೇ ಕಳೆದು ಕೇಳಿದರೆ ಓದುವವರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಪತ್ರ ಉದ್ದ ಬೇಡ, ಕೋಪ ಬೇಡ. ಕನ್ನಡದಲ್ಲೇ ಬರೆಯಿರಿ. ಹೀಗಿರಲಿ:

"ನನ್ನ ಮಗಳು ನಿಮ್ಮ ಸಂಸ್ಥೆಯಲ್ಲಿ ಎರಡು ವರ್ಷದ ಕೋಚಿಂಗ್‌ಗೆ ಸೇರಿದ್ದಾಳೆ. ರಸೀದಿಯ ಪ್ರತಿ ಲಗತ್ತಿಸಿದ್ದೇನೆ. ನನ್ನ ಪತಿಗೆ ಬಳ್ಳಾರಿಗೆ ವರ್ಗವಾಗಿದ್ದು, ಆದೇಶದ ಪ್ರತಿಯನ್ನೂ ಲಗತ್ತಿಸಿದ್ದೇನೆ. ಈ ಪತ್ರದ ದಿನದಿಂದ ಮಗಳು ತರಗತಿಗೆ ಬರುವುದಿಲ್ಲ. ಅವಳ ಸೀಟನ್ನು ಬೇರೆಯವರಿಗೆ ಕೊಡಬಹುದು. ಆನ್‌ಲೈನ್ ತರಗತಿಗೆ ನಮ್ಮ ಒಪ್ಪಿಗೆ ಇಲ್ಲ. ಉಳಿದ 18 ತಿಂಗಳ ಶುಲ್ಕದಲ್ಲಿ ಪುಸ್ತಕದ 6,000 ಕಳೆದು, ಜಿಎಸ್‌ಟಿ ಸೇರಿಸಿ 99,120 ರೂಪಾಯಿಯನ್ನು 15 ದಿನದೊಳಗೆ ಕೆಳಗಿನ ಖಾತೆಗೆ ಹಾಕಬೇಕಾಗಿ ವಿನಂತಿ. ಇದಕ್ಕಿಂತ ಹೆಚ್ಚು ಹಣ ಹಿಡಿದುಕೊಳ್ಳುವುದಾದರೆ ನಿಮಗೆ ಆದ ನಷ್ಟ ಯಾವುದು, ಎಷ್ಟು ಎಂಬುದನ್ನು ಬರೆದು ತಿಳಿಸಿ."

ಕೊನೆಯ ವಾಕ್ಯ ಬಿಡಬೇಡಿ. ನಷ್ಟದ ಲೆಕ್ಕ ಕೇಳಿದಾಗ ಉತ್ತರಿಸದಿದ್ದರೆ ಅದೇ ಮುಂದೆ ನಿಮಗೆ ಸಾಕ್ಷಿ. ಸೀಟು ಬಿಟ್ಟುಕೊಟ್ಟ ಸಾಲೂ ಮುಖ್ಯ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಅದನ್ನೇ ಇಮೇಲ್‌ಗೂ, ವಾಟ್ಸಾಪ್‌ಗೂ ಹಾಕಿ.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿತು. ಪೂರ್ತಿ ಫೀಸು ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ವಾಪಸ್ ಕೊಡಬೇಕು, ಹಾಸ್ಟೆಲ್ ಮತ್ತು ಮೆಸ್ ಹಣಕ್ಕೂ ಇದೇ ಲೆಕ್ಕ ಎಂದು ಅದರಲ್ಲಿದೆ. ಇದು ರಾಜ್ಯಗಳಿಗೆ ಕೊಟ್ಟ ಮಾದರಿ, ತಾನೇ ಕಾನೂನಲ್ಲ. ಆದರೂ ಪತ್ರದಲ್ಲಿ ಒಂದು ಸಾಲು ಸೇರಿಸಿ. ನೀವು ಕೇಳುತ್ತಿರುವುದು ಸರ್ಕಾರವೇ ನ್ಯಾಯ ಎಂದಿರುವ ಲೆಕ್ಕ ಎಂಬುದು ಗೊತ್ತಾಗುತ್ತದೆ. ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆಗೆ ಮಾತ್ರ ಅದು. ಕ್ರೀಡೆ, ನೃತ್ಯ, ನಾಟಕ ಅದರೊಳಗೆ ಬರುವುದಿಲ್ಲ.

ಕೋಡಿಂಗ್_ಕಲಿಯುವವ

ಸರ್, ನಾನು ಒಂದು ಆನ್‌ಲೈನ್ ಡೇಟಾ ಸೈನ್ಸ್ ಕೋರ್ಸಿಗೆ ಸೇರಿದ್ದೆ. ಬಡ್ಡಿಯಿಲ್ಲದ ಇಎಂಐ ಎಂದರು. ಆಮೇಲೆ ನೋಡಿದರೆ ಅದು ಒಂದು ಫೈನಾನ್ಸ್ ಕಂಪನಿಯ ಸಾಲ, ನನ್ನ ಹೆಸರಿನಲ್ಲಿದೆ. ಈಗ ಆಫೀಸಿನಲ್ಲಿ ರಾತ್ರಿ ಪಾಳಿ ಹಾಕಿದ್ದಾರೆ, ಕ್ಲಾಸಿಗೆ ಕೂರಲಾಗುತ್ತಿಲ್ಲ. ಇಎಂಐ ಕಟ್ಟುವುದು ನಿಲ್ಲಿಸಿಬಿಡಲಾ?

ವಕೀಲರ_ಕೋಣೆ

ಬೇಡ! ಕೋರ್ಸಿನವರು ಹಣ ಪೂರ್ತಿ ತೆಗೆದುಕೊಂಡಾಗಿದೆ. ನೀವು ಈಗ ಬಾಕಿ ಇಟ್ಟುಕೊಳ್ಳುವುದು ಫೈನಾನ್ಸ್ ಕಂಪನಿಗೆ. ಸಿಬಿಲ್ ಸ್ಕೋರು ಬಿದ್ದರೆ ನಾಳೆ ಮನೆ ಸಾಲಕ್ಕೂ ತೊಂದರೆ.

ಎರಡು ಕಡೆಗೂ ಬರೆಯಿರಿ. ಕೋರ್ಸಿನವರಿಗೆ ರದ್ದತಿ ಪತ್ರ. ಅದೇ ದಿನ ಸಾಲ ಕೊಟ್ಟವರಿಗೆ ಅದರ ಪ್ರತಿ, ಸೇವೆ ನಿಂತಿದೆ, ಸಾಲ ಮುಚ್ಚುವ ಬಗ್ಗೆ ಕೋರ್ಸಿನವರೊಡನೆ ಮಾತಾಡಿ ಎಂದು. ಡಿಜಿಟಲ್ ಸಾಲಕ್ಕೆ ಆರ್‌ಬಿಐ ನಿಯಮದಲ್ಲಿ 'ಕೂಲಿಂಗ್ ಆಫ್' ಅವಧಿ ಇದೆ. ಅಷ್ಟರೊಳಗೆ ಅಸಲು ಮತ್ತು ಆದಷ್ಟು ದಿನದ ಬಡ್ಡಿ ಕೊಟ್ಟು, ದಂಡವಿಲ್ಲದೆ ಹೊರಬರಬಹುದು. ಅದು ಬಹಳ ಚಿಕ್ಕ ಅವಧಿ, ಸಾಲದ ಪತ್ರದಲ್ಲೇ ಬರೆದಿರುತ್ತದೆ. ನಿಮ್ಮದು ದಾಟಿರಬೇಕು. ಹೊಸದಾಗಿ ಸೇರುವವರು ಮೊದಲ ದಿನವೇ ನೋಡಿಕೊಳ್ಳಲಿ.

ಫೈನಾನ್ಸ್ ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಒಪ್ಪುವಂಥ ಉತ್ತರ ಕೊಡದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಸಹಾಯವಾಣಿ 14448. ಸಾಲವೆಂದು ಹೇಳದೆ ಸಾಲ ಮಾಡಿಸಿದ್ದರೆ ಅದನ್ನು ದೂರಿನ ಮೊದಲ ಪ್ಯಾರಾದಲ್ಲೇ ಹಾಕಿ. ಸೇರುವಾಗ ಮಾತಾಡಿದ ಸೇಲ್ಸ್‌ನವರ ಚಾಟ್ ಅಳಿಸಬೇಡಿ.

ದಾವಣಗೆರೆ_ಬೆಣ್ಣೆ

ನಮ್ಮ ಬೀದಿಯ ಟ್ಯೂಷನ್. ನಗದಾಗಿ ಕೊಟ್ಟೆ, ರಸೀದಿ ಇಲ್ಲ. ನನಗೇನಾದರೂ ದಾರಿ ಇದೆಯಾ?

ವಕೀಲರ_ಕೋಣೆ

ಇದೆ. ಬಿಲ್ಲು ಅಥವಾ ರಸೀದಿ ಕೊಡದಿರುವುದೇ 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಈಗಲೇ ಅವರಿಗೆ ವಾಟ್ಸಾಪ್ ಮಾಡಿ: "ಇಂಥ ತಾರೀಖು ಇಷ್ಟು ಹಣ ಕೊಟ್ಟಿದ್ದೆ, ರಸೀದಿ ಕಳಿಸಿ." ಅವರು "ನಾಳೆ ಕೊಡ್ತೀನಿ" ಎಂದರೂ ಹಣ ಮುಟ್ಟಿದ್ದನ್ನು ಒಪ್ಪಿದಂತೆ. ಜಗಳ ಶುರುವಾಗುವ ಮೊದಲು ಕೇಳಿ. ಆಮೇಲೆ ಕೇಳಿದರೆ ಉತ್ತರವೇ ಬರುವುದಿಲ್ಲ.

ಲೀಡ್ಸ್_ಕನ್ನಡಿಗ

ಇಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಆನ್‌ಲೈನ್ ಗಣಿತದ ಕ್ಲಾಸ್ ಹಾಕಿಸಿದ್ದೆ. ಆನ್‌ಲೈನ್ ಅಥವಾ ಫೋನಿನಲ್ಲಿ ಮಾಡಿಕೊಂಡ ಒಪ್ಪಂದವನ್ನು 14 ದಿನದೊಳಗೆ ಕಾರಣ ಹೇಳದೆ ರದ್ದು ಮಾಡಬಹುದು ಎಂದು 2013ರ ನಿಯಮವಿದೆ. ನಾವೇ ಕೇಳಿ ಅಷ್ಟರೊಳಗೆ ಪಾಠ ಶುರು ಮಾಡಿಸಿದ್ದರೆ ಆದ ಪಾಠಕ್ಕೆ ಮಾತ್ರ ಹಣ. ನಮ್ಮ ದೇಶದಲ್ಲೂ ಇಂಥದ್ದು ಬರಬೇಕು. ಮೈಸೂರಿನ ಅಕ್ಕನ ಮಕ್ಕಳಿಗೆ ಒಂದು ಆ್ಯಪ್‌ನವರು ಮನೆಗೇ ಬಂದು ಎರಡು ಗಂಟೆ ಕೂತು ಸಹಿ ಹಾಕಿಸಿಕೊಂಡು ಹೋದರು. ಮರುದಿನ ಮನಸ್ಸು ಬದಲಾದರೆ ಕೇಳುವವರಿಲ್ಲ.

ಹುಬ್ಬಳ್ಳಿ_ಹುಡುಗಿ

ಓದ್ತಾ ಓದ್ತಾ ನಂಗೂ ಒಂದು ಪ್ರಶ್ನೆ ಬಂತು ಸರ್. ತಮ್ಮ ಒಂದು ಡಿಗ್ರಿ ಕಾಲೇಜಿಗೆ ಸೇರಿ, ಆಮೇಲೆ ಬೇರೆ ಕಡೆ ಸೀಟು ಸಿಕ್ಕಿ ಬಿಟ್ಟ. ಅದಕ್ಕೂ ಗ್ರಾಹಕ ಆಯೋಗನಾ?

ವಕೀಲರ_ಕೋಣೆ

ಇಲ್ಲ, ಕಾಲೇಜಿಗೆ ದಾರಿ ಬೇರೆ. ಯುಜಿಸಿ 2018ರಲ್ಲಿ ಮಾಡಿದ ನಿಯಮದಂತೆ ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ತಿ ಹಣ, ಸ್ವಲ್ಪ ಸಂಸ್ಕರಣಾ ಶುಲ್ಕ ಕಳೆದು. ಆ ದಿನಾಂಕಕ್ಕೆ 15 ದಿನಕ್ಕಿಂತ ಕಡಿಮೆ ಇದ್ದರೆ 90%. ದಿನಾಂಕ ದಾಟಿ 15 ದಿನದೊಳಗೆ 80%, 30 ದಿನದೊಳಗೆ 50%. ಆಮೇಲೆ ಏನೂ ಇಲ್ಲ. ಆಮೇಲಿನ ವರ್ಷಗಳಲ್ಲಿ ಯುಜಿಸಿ ಕೆಲವು ಸಲ ಇದಕ್ಕಿಂತ ಹೆಚ್ಚು ಸಡಿಲಿಕೆಯನ್ನೂ ಕೊಟ್ಟಿದೆ. ನಿಮ್ಮ ತಮ್ಮ ಬಿಟ್ಟ ವರ್ಷದ ಸುತ್ತೋಲೆ ನೋಡಿ. ಕಾಲೇಜಿನ ದೂರು ಸಮಿತಿಗೆ ಬರೆದು, ಆಮೇಲೆ ಯುಜಿಸಿಗೆ ಹೋಗಿ.

ಜೆಪಿನಗರ_ಓಟಗಾರ

ದೂರು ಕೊಡುವವರಿಗೆ ನನ್ನ ಅನುಭವದಿಂದ ಸ್ವಲ್ಪ. ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ಆದೇಶ ಕೊಡಲಾರರು. ಆದರೆ ಕಂಪನಿಗೆ ದೂರು ತಲುಪಿಸಿ ಉತ್ತರ ತರಿಸುತ್ತಾರೆ. ಸಹಾಯವಾಣಿಯ ಮೂಲಕವೇ 600ಕ್ಕೂ ಹೆಚ್ಚು ಕೋಚಿಂಗ್ ವಿದ್ಯಾರ್ಥಿಗಳಿಗೆ 1.56 ಕೋಟಿ ರೂಪಾಯಿ ವಾಪಸ್ ಕೊಡಿಸಿದ್ದೇವೆ ಎಂದು 2025ರ ಫೆಬ್ರವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೇಳಿತ್ತು. ನನ್ನ ಜಿಮ್ ಅದಕ್ಕೆ ಬಗ್ಗಲಿಲ್ಲ, ಆದರೆ ಆ ದೂರಿನ ಸಂಖ್ಯೆ ಮುಂದೆ ಕೆಲಸಕ್ಕೆ ಬಂತು.

ಆಯೋಗದ ದೂರು ಆನ್‌ಲೈನ್‌ನಲ್ಲೇ ಹಾಕಬಹುದು. ಮೊದಲು ಇ-ದಾಖಿಲ್ ಇತ್ತು, 2025ರಿಂದ ಇ-ಜಾಗೃತಿ. ದೂರು, ಅಫಿಡವಿಟ್, ರಸೀದಿ, ಪತ್ರ, ಚಾಟ್‌ಗಳ ಪ್ರಿಂಟ್, ಎಲ್ಲಕ್ಕೂ ಪುಟ ಸಂಖ್ಯೆ ಹಾಕಿ ಒಂದು ಪಿಡಿಎಫ್ ಮಾಡಿ. ಕಟ್ಟಿದ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ಹಣ ಇಲ್ಲದೆ ದೂರು ಕೊಡಬಹುದು ಎಂಬುದು ಬಹಳ ಜನಕ್ಕೆ ಗೊತ್ತೇ ಇಲ್ಲ, ಅದೇ ನನಗೆ ಬೇಸರ.

ವಕೀಲರ_ಕೋಣೆ

ಓಟಗಾರರು ಚೆನ್ನಾಗಿ ಹೇಳಿದ್ದಾರೆ. ತುಂಗಾ ತೀರದ ಮೇಡಂಗೆ ಬೇಕಾದ ಇನ್ನೂ ಕೆಲವು ಸೇರಿಸುತ್ತೇನೆ.

ನೀವು ಶಿವಮೊಗ್ಗಕ್ಕೆ ಓಡಾಡಬೇಕಿಲ್ಲ. ಹೊಸ ಕಾಯ್ದೆಯಲ್ಲಿ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬಳ್ಳಾರಿಗೆ ಹೋದ ಮೇಲೆ ಬಳ್ಳಾರಿಯ ಜಿಲ್ಲಾ ಆಯೋಗವೇ ಸಾಕು. ಅರ್ಜಿಯಲ್ಲಿ "ವ್ಯಾಜ್ಯ ಬಂದರೆ ಇಂಥ ಊರಿನ ಕೋರ್ಟಿನಲ್ಲಿ ಮಾತ್ರ" ಎಂದಿದ್ದರೆ ಹೆದರಬೇಡಿ. ವ್ಯಾಜ್ಯವನ್ನು ಕೋರ್ಟಿನ ಬದಲು ಖಾಸಗಿ ಪಂಚರೇ ತೀರ್ಮಾನಿಸಬೇಕು ಎಂಬ ಮಧ್ಯಸ್ಥಿಕೆ (ಆರ್ಬಿಟ್ರೇಷನ್) ಷರತ್ತು ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ, ಎಮ್ಮಾರ್ ಎಂಜಿಎಫ್ ಕೇಸಿನಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಮಗಳಿಗೆ 18 ಆಗಿಲ್ಲ, ಹಾಗಾಗಿ ಹಣ ಕಟ್ಟಿದ ತಂದೆ ಅಥವಾ ತಾಯಿ ಹೆಸರಿನಲ್ಲಿ ದೂರು ಇರಲಿ. ಎರಡು ವರ್ಷದೊಳಗೆ ದೂರು ಕೊಡಬೇಕು, ಆದರೆ ಅಷ್ಟು ಕಾಯಬೇಡಿ.

ಒಂದು ಸೂಕ್ಷ್ಮ. "ಈ ಒಪ್ಪಂದವೇ ಅನ್ಯಾಯದ್ದು, ರದ್ದು ಮಾಡಿ" ಎಂದು ನೇರವಾಗಿ ಕೇಳುವ ದೂರು ರಾಜ್ಯ ಆಯೋಗಕ್ಕೆ ಹೋಗಬೇಕು, ಜಿಲ್ಲಾ ಆಯೋಗಕ್ಕೆ ಆ ಅಧಿಕಾರ ಕೊಟ್ಟಿಲ್ಲ. ಜಿಲ್ಲೆಯಲ್ಲಿ ಸೇವೆಯ ಕೊರತೆ, ಅನುಚಿತ ವ್ಯಾಪಾರ ಪದ್ಧತಿ ಎಂದು ಹಾಕಿ, ಉಳಿದ ಅವಧಿಯ ಹಣ ಕೇಳಿ. ಇಂಟರ್‌ನೆಟ್‌ನಲ್ಲಿ ಸಿಕ್ಕ ನಮೂನೆ ನಕಲು ಮಾಡಿದವರು ಇಲ್ಲೇ ಎಡವುತ್ತಾರೆ.

ನೋಟಿಸ್ ಸಿಕ್ಕ ಮೇಲೆ ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ, ಕಾರಣವಿದ್ದರೆ ಇನ್ನೂ 15. ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಕೇಸು ಮೂರು ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ. ಹಾಗೆ ಮುಗಿಯುವುದು ಅಪರೂಪ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ವಿಡಿಯೋ ಮೂಲಕ ಹಾಜರಾಗಲು ಕೋರಬಹುದು. ನೀವು ಗೆದ್ದು ಅವರು ಮೇಲ್ಮನವಿ ಹೋಗುವುದಾದರೆ ಆದೇಶದ ಅರ್ಧ ಹಣ ಮೊದಲೇ ಠೇವಣಿ ಇಡಬೇಕು. ಬಹಳ ಸಂಸ್ಥೆಗಳು ಅಲ್ಲಿಗೇ ನಿಲ್ಲಿಸುತ್ತವೆ.

ಸಂಗೀತ_ಶಾಲೆ_ಮೈಸೂರು

ತಾಯಂದಿರಿಗೆ ಒಂದು ಮಾತು. ಸೇರಿಸುವ ದಿನವೇ "ನಡುವೆ ಬಿಟ್ಟರೆ ಹೇಗೆ?" ಎಂದು ಕೇಳಿ. ಕೇಳಿದರೆ ಮೇಷ್ಟ್ರು ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಸಂಕೋಚ ಬೇಡ. ನೇರವಾಗಿ ಉತ್ತರ ಹೇಳುವವರ ಹತ್ತಿರ ಮಕ್ಕಳನ್ನು ಸೇರಿಸಿ. ರಿಯಾಯಿತಿಯ ಆಸೆಗೆ ಎರಡು ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ. 2025ರ ಜನವರಿಯಲ್ಲಿ ಉತ್ತರ ಭಾರತದಲ್ಲಿ ಒಂದು ದೊಡ್ಡ ಕೋಚಿಂಗ್ ಸಂಸ್ಥೆಯ ಹಲವು ಶಾಖೆಗಳು ಏಕಾಏಕಿ ಮುಚ್ಚಿದವು. ಫೀಸು ಕಟ್ಟಿದ ಅಪ್ಪ ಅಮ್ಮಂದಿರು ಬೀಗದ ಮುಂದೆ ನಿಂತಿದ್ದನ್ನು ಟಿವಿಯಲ್ಲಿ ನೋಡಿ ತುಂಬಾ ನೋವಾಯಿತು. ಬಾಗಿಲೇ ಮುಚ್ಚಿದರೆ ಯಾವ ಆದೇಶ ಇದ್ದರೂ ಹಣ ತರಿಸುವುದು ಕಷ್ಟ ಅಲ್ವಾ?

ತುಂಗಾ_ತೀರ

ನಡೆದದ್ದನ್ನು ತಿಳಿಸುತ್ತೇನೆ. ಪತ್ರ ಕಳಿಸಿದೆ, 1915ಕ್ಕೂ ದೂರು ಕೊಟ್ಟೆ. ಸ್ವಲ್ಪ ದಿನ ಬಿಟ್ಟು ಸಂಸ್ಥೆಯಿಂದ ಫೋನ್ ಬಂತು. ಮೊದಲು 45,000 ಕೊಡುತ್ತೇವೆ ಎಂದರು. ನಷ್ಟದ ಲೆಕ್ಕ ಬರೆದು ಕೊಡಿ, ನೋಡುತ್ತೇನೆ ಎಂದೆ. ಮತ್ತೆ ಫೋನ್ ಮಾಡಿ 84,000ಕ್ಕೆ ಒಪ್ಪಿದರು. ಆದರೆ ಜಿಎಸ್‌ಟಿ ಸರ್ಕಾರಕ್ಕೆ ಕಟ್ಟಿಯಾಗಿದೆ, ಅದು ಬರುವುದಿಲ್ಲ ಎನ್ನುತ್ತಾರೆ. ಮತ್ತೆ "ಪೂರ್ತಿ ಹಣ ಮುಟ್ಟಿದೆ, ಇನ್ನು ಯಾವ ತಕರಾರೂ ಇಲ್ಲ" ಎಂಬ ಹಾಳೆಗೆ ಈಗಲೇ ಸಹಿ ಹಾಕಿ, ಆಮೇಲೆ ಚೆಕ್ ಕೊಡುತ್ತೇವೆ ಎನ್ನುತ್ತಾರೆ. ಏನು ಮಾಡಲಿ?

ವಕೀಲರ_ಕೋಣೆ

ಸಹಿ ಬೇಡ. ಹಣ ಖಾತೆಗೆ ಬಂದ ಮೇಲೆ, ಬಂದ ಮೊತ್ತವನ್ನು ಅಂಕಿಯಲ್ಲಿ ಬರೆದು ಸಹಿ ಹಾಕಿ. ಚೆಕ್ಕಿಗಿಂತ ನೇರ ಬ್ಯಾಂಕ್ ವರ್ಗಾವಣೆ ಕೇಳಿ.

ಜಿಎಸ್‌ಟಿ ಮಾತು ಪೂರ್ತಿ ಸರಿಯಲ್ಲ. ಸೇವೆ ನಿಂತು ಹಣ ವಾಪಸ್ ಕೊಟ್ಟಾಗ ಅವರು ಕ್ರೆಡಿಟ್ ನೋಟ್, ಅಂದರೆ ಹಳೆಯ ಬಿಲ್ಲಿನ ಮೊತ್ತ ಇಷ್ಟು ಕಡಿಮೆಯಾಗಿದೆ ಎಂಬ ಪತ್ರ, ಹೊರಡಿಸಿ ತಮ್ಮ ತೆರಿಗೆ ಬಾಧ್ಯತೆ ಕಡಿಮೆ ಮಾಡಿಕೊಳ್ಳಬಹುದು. ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೇ ಕಲಮು. ನಿಮ್ಮ ಬಿಲ್ಲಿನ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30ರವರೆಗೆ ಅವರಿಗೆ ಸಮಯವಿದೆ. ನಿಮ್ಮ ಬಿಲ್ಲು ಈ ವರ್ಷದ್ದೇ. ಅವರ ಅಕೌಂಟೆಂಟ್‌ಗೆ ಈ ಸಾಲನ್ನೇ ಕಳಿಸಿ, ಅವರಿಗೆ ಗೊತ್ತಿರುವ ವಿಷಯವೇ.

ತುಂಗಾ_ತೀರ

ಸರ್, ಹಾಗೇ ಮಾಡಿದೆ. ಇವತ್ತು 84,000 ಮನೆಯವರ ಖಾತೆಗೆ ಬಂದಿದೆ. ಉಳಿದ 15,120ನ್ನು ಕ್ರೆಡಿಟ್ ನೋಟ್ ಮಾಡಿ ಈ ತಿಂಗಳ ಕೊನೆಗೆ ಕೊಡುತ್ತೇವೆ ಎಂದು ಇಮೇಲ್ ಹಾಕಿದ್ದಾರೆ. 84,000 ಮುಟ್ಟಿದೆ, 15,120 ಬಾಕಿ ಇದೆ ಎಂದು ಬರೆದು ಸಹಿ ಹಾಕಿಕೊಟ್ಟೆ. ಮಗಳ ಬ್ಯಾಚಿನಲ್ಲೇ ಇನ್ನಿಬ್ಬರು ಮಕ್ಕಳು ಬಿಡುವವರಿದ್ದಾರೆ. ಅವರ ಅಮ್ಮಂದಿರು ಪತ್ರದ ನಮೂನೆ ಕೇಳಿದರು, ಕಳಿಸಿದ್ದೇನೆ. ಒಬ್ಬರ ಬಿಲ್ಲು ಹಿಂದಿನ ಹಣಕಾಸು ವರ್ಷದ್ದು. ಅವರಿಗೆ ಜಿಎಸ್‌ಟಿ ಸಮಯ ಉಳಿದಿದೆಯಾ, ಅದೊಂದು ಹೇಳಿಬಿಡಿ.

ವಕೀಲರ_ಕೋಣೆ

ಈ ನವೆಂಬರ್ 30 ದಾಟದಿದ್ದರೆ ಇದೆ. ಪತ್ರ ಇವತ್ತೇ ಹೋಗಲಿ.